ಚಿಕ್ಕೀರಪ್ಪನ ಗುಂಡಿಗೆ ಇಳಿದವನು

ಮುದ್ದಕ್ಕ ಶಶಿಕಾಂತನ ಹೆಸರನ್ನು ಮೊದಲ ಸಲ ಕೇಳಿದ್ದು ಚಳ್ಳಕೆರೆಯ ಒಂದು ಮದುವೆಯಲ್ಲಿ, ಊಟದ ಎಲೆಯ ಮುಂದೆ ಕೂತಿದ್ದಾಗ.

ಎರಡು ಸಾವಿರದ ಇಸವಿಯ ಬೇಸಿಗೆ. ಪಕ್ಕದ ಮನೆಯ ಯರ್ರಮ್ಮ ಆ ಮದುವೆಯ ಧಾರೆ ಸೀರೆ ನೇಯ್ದುಕೊಟ್ಟಿದ್ದಳು. ಒಬ್ಬಳೇ ಹೋಗಲು ಬೇಸರವೆಂದು ಮುದ್ದಕ್ಕನನ್ನೂ ಮೊಳಕಾಲ್ಮೂರಿನಿಂದ ಬಸ್ಸು ಹತ್ತಿಸಿಕೊಂಡು ಬಂದಿದ್ದಳು. ಮುದ್ದಕ್ಕನ ಗಂಡ ತೀರಿಕೊಂಡು ಆಗ ವರ್ಷ ದಾಟಿತ್ತು. ಶುಭಕಾರ್ಯದಲ್ಲಿ ಯಾರ ಕಣ್ಣಿಗೂ ಬೀಳುವುದು ಬೇಡ ಅಂತ ಆಕೆ ಕೊನೆಯ ಸಾಲಿನಲ್ಲಿ ಕಂಬದ ಮರೆಗೆ ಕೂತಿದ್ದಳು.

ಮದುಮಗಳ ತಾಯಿ ಗಂಗಾಂಬಿಕಾ ಸಾಲಿನುದ್ದಕ್ಕೂ ಉಪಚಾರ ಹೇಳುತ್ತಾ ಬಂದಳು. "ನಿಧಾನಕ್ಕೆ ಊಟ ಮಾಡ್ರಿ, ಹೋಳಿಗೆಗೆ ತುಪ್ಪ ಹಾಕಿಸ್ಕೊಳ್ರಿ" ಅಂತ ಬಗ್ಗುವಾಗ ಅವಳ ಹೊಸ ರೇಷ್ಮೆ ಸೀರೆಯ ಸೆರಗು ಜಾರಿ ಮುದ್ದಕ್ಕನ ಮೊಣಕಾಲ ಮೇಲೆ ಬಿತ್ತು. ಸೆರಗಿನ ಕೊನೆಗೆ ಗಿಳಿಗಳ ಸಾಲು. ಎಲ್ಲ ಗಿಳಿಗಳೂ ಮುಂದಕ್ಕೆ ನೋಡುತ್ತಿದ್ದವು. ಎಡದ ಅಂಚಿಗೆ ಕೂತ ಒಂದೇ ಒಂದು ಗಿಳಿ ಕತ್ತು ತಿರುಗಿಸಿ ಹಿಂದಕ್ಕೆ ನೋಡುತ್ತಿತ್ತು.

ಮುದ್ದಕ್ಕನ ಕೈಯಲ್ಲಿದ್ದ ತುತ್ತು ಎಲೆಗೇ ಬಿತ್ತು.

ಮೊಳಕಾಲ್ಮೂರಿನ ಅವಳ ಬೀದಿಯಲ್ಲಿ ನೇಕಾರರು ಸೀರೆಯನ್ನು ಪೂರ್ತಿ ಚೆಂದ ಮಾಡುವುದಿಲ್ಲ. ದೃಷ್ಟಿ ತಾಗಬಾರದೆಂದು ಬೇಕಂತಲೇ ಒಂದು ತಪ್ಪು ಇಡುತ್ತಾರೆ. ಒಬ್ಬ ಹೂವಿಗೆ ಒಂದು ಎಸಳು ಕಡಿಮೆ ಮಾಡುತ್ತಾನೆ, ಇನ್ನೊಬ್ಬ ಅಂಚಿನಲ್ಲಿ ಒಂದು ಎಳೆ ಬಣ್ಣ ಬದಲಿಸುತ್ತಾನೆ. ಒಬ್ಬನ ತಪ್ಪನ್ನು ಇನ್ನೊಬ್ಬ ಇಡುವಂತಿಲ್ಲ. ನೇಕಾರ ಸತ್ತರೆ ಅವನ ತಪ್ಪು ಅವನ ಜೊತೆಗೇ ಮಣ್ಣಿಗೆ ಹೋಗಬೇಕು. ಬೇರೆ ಯಾರಾದರೂ ಅದನ್ನು ನೇಯ್ದರೆ, ತನ್ನ ಕೆಲಸ ಇನ್ನೂ ನಡೆದಿದೆ ಅಂದುಕೊಂಡು ಸತ್ತವನು ಮಗ್ಗ ಬಿಟ್ಟು ಏಳುವುದಿಲ್ಲ ಅಂತ ಆ ಬೀದಿಯ ನಂಬಿಕೆ. ಹಿಂದಕ್ಕೆ ನೋಡುವ ಗಿಳಿ ಮುದ್ದಕ್ಕನ ಗಂಡನದು.

"ಈ ಸೀರೆ ಹಳೇದಾ ತಾಯಿ?" ಅಂತ ಕೇಳಿದಳು.

"ಹಳೇದಾ? ಮಗಳ ಮದುವೆಗೆ ಹಳೇ ಸೀರೆ ಉಡ್ತೀನಾ ನಾನು?" ಗಂಗಾಂಬಿಕಾ ನಕ್ಕಳು. "ಹೋದ ತಿಂಗಳು ತರಿಸಿದ್ದು. ನಮ್ಮೂರ ಎಣ್ಣೆ ಮಿಲ್ಲಿನೋರ ಮಗ ಶಶಿಕಾಂತ ಕಂಪನಿ ಮಾಡ್ಯಾನಲ್ಲ, ಅವನ ಹತ್ರ. ಬೊಂಬಾಯಿ, ದಿಲ್ಲಿಗೆಲ್ಲ ಕಳಿಸ್ತಾನೆ. ನೇಯ್ದೋರ ಫೋಟೋನೇ ಡಬ್ಬಿ ಮ್ಯಾಲೆ ಹಾಕಿರ್ತಾನೆ, ನೋಡ್ತೀರಾ?"

ಡಬ್ಬಿ ಬಂತು. ಮುಚ್ಚಳದ ಮೇಲೆ ಲಾಳಿ ಹಿಡಿದು ಕಣ್ಣು ಕಿರಿದು ಮಾಡಿಕೊಂಡು ನಗುತ್ತಿದ್ದವನು ಮುದ್ದಕ್ಕನ ಗಂಡ. ಕೆಳಗಿನ ಅಕ್ಷರಗಳನ್ನು ಆಕೆ ಒಂದೊಂದಾಗಿ ಕೂಡಿಸಿ ಓದಿದಳು. 'ಈ ಸೀರೆಯನ್ನು ನಿಮಗೋಸ್ಕರ ನನ್ನ ಕೈಯಾರೆ ನೇಯ್ದಿದ್ದೇನೆ.'

ಯರ್ರಮ್ಮ ಇಣುಕಿ ನೋಡಿದವಳು ತಡೆದುಕೊಳ್ಳಲಿಲ್ಲ. "ಅಯ್ಯೋ ದೇವುಡಾ! ಇದು ನಮ್ಮ ಚಿಕ್ಕೀರಪ್ಪ! ಈ ಮನುಷ್ಯ ಸತ್ತು ವರ್ಷದ ಮ್ಯಾಲಾತು, ಹೋದ ತಿಂಗಳು ಹೆಂಗೆ ನೇಯ್ದಾನು?"

ಬಡಿಸುವವರ ಕೈ ನಿಂತಿತು. ಗಂಗಾಂಬಿಕಾ ಹಿಡಿದಿದ್ದ ಸೆರಗನ್ನು ಬಿಸಿ ಪಾತ್ರೆ ಬಿಟ್ಟಂತೆ ಬಿಟ್ಟಳು. "ಸತ್ತೋನು ನೇಯ್ದಿದ್ದನ್ನಾ ನಾನು ಧಾರೆಗೆ ಉಟ್ಕೊಂಡು ನಿಂತಿದ್ದು?"

"ನೇಯ್ದಿದ್ದು ಕರೆಂಟ್ ಮಗ್ಗ ಬಿಡು ತಾಯಿ" ಅಂದಳು ಯರ್ರಮ್ಮ, ಸೆರಗಿನ ಹಿಂಬದಿ ತಿರುವಿ ನೋಡಿ. "ಹೆಸರು ಮಾತ್ರ ಸತ್ತೋನದು."

ಪಾಯಸ ಮುಂದಿನ ಸಾಲಿಗೆ ಹೋಗುವಷ್ಟರಲ್ಲಿ ಮಾತು ಚಪ್ಪರ ದಾಟಿತ್ತು. ಚಳ್ಳಕೆರೆಯಿಂದ ಚಿತ್ರದುರ್ಗಕ್ಕೆ, ಅಲ್ಲಿಂದ ಎಲ್ಲೆಲ್ಲಿಗೋ ಹೋಯಿತು. ಶಶಿಕಾಂತನ ಕಂಪನಿ ಆ ವರ್ಷದ ದೀಪಾವಳಿ ನೋಡಲಿಲ್ಲ.

ಅವನೇನು ಹುಟ್ಟಾ ಮೋಸಗಾರನಲ್ಲ. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದಿ, ಎಣ್ಣೆ ಅಂಗಡಿಯ ಮೇಲಿನ ಕೋಣೆಯಲ್ಲಿ ಒಂದು ಕಂಪ್ಯೂಟರ್ ಇಟ್ಟುಕೊಂಡು ಶುರು ಮಾಡಿದವನು. ಮೊದಲ ವರ್ಷ ಮೊಳಕಾಲ್ಮೂರಿನ ಮನೆಮನೆಗೂ ಬಂದು, ಚಾಪೆ ಮೇಲೆ ಕೂತು, ನೇಕಾರರು ಹೇಳಿದ ಬೆಲೆಗೇ ಸೀರೆ ಒಯ್ದಿದ್ದ. ಚಿಕ್ಕೀರಪ್ಪನ ಫೋಟೋ ತೆಗೆದದ್ದೂ ಆಗಲೇ, ಮುದ್ದಕ್ಕ ಮನೆಯಲ್ಲಿಲ್ಲದ ಒಂದು ದಿನ. ಆಮೇಲೆ ಇಂಟರ್ನೆಟ್ಟಿನಲ್ಲಿ ಆರ್ಡರು ಸುರಿಯಿತು. ಕೈಮಗ್ಗ ಸುರಿಯುವುದಿಲ್ಲವಲ್ಲ. ಚಿಕ್ಕೀರಪ್ಪನ ಸೀರೆಯನ್ನೇ ಮಾದರಿಯಾಗಿ ಗಡಿಯಾಚೆಯ ಕರೆಂಟ್ ಮಗ್ಗದವರಿಗೆ ಕೊಟ್ಟ. ಅವರು ಇದ್ದದ್ದು ಇದ್ದ ಹಾಗೇ ಇಳಿಸಿದರು, ತಿರುಗಿದ ಗಿಳಿಯ ಸಮೇತ. ಅದೂ ಒಂದು ಡಿಸೈನು ಅಂತಲೇ ಶಶಿಕಾಂತ ತಿಳಿದಿದ್ದ. ಮತ್ತೆ ಆ ಮನೆಯ ಬಾಗಿಲಿಗೆ ಅವನು ಬರಲಿಲ್ಲ. ಒಳಗಿದ್ದವನು ಸತ್ತದ್ದು ಅವನಿಗೆ ತಿಳಿಯಲಿಲ್ಲ.

ಮದುವೆಯಿಂದ ಮನೆಗೆ ಬಂದ ಮಾರನೆಯ ದಿನ ಮುದ್ದಕ್ಕನಿಗೆ ಸದ್ದು ಕೇಳಿತು.

ನೇಕಾರರ ಬೀದಿಯಲ್ಲಿ ಮಗ್ಗಗಳೆಲ್ಲ ಒಟ್ಟಿಗೆ ನಿಲ್ಲುವುದು ಮಧ್ಯಾಹ್ನದ ಊಟಕ್ಕೆ. ಬೆಳಗಿನಿಂದ ಬಡಿತ ಕೇಳಿ ಕೇಳಿ ಆ ಮೌನ ಕಿವಿಯಲ್ಲಿ ಗುಂಯ್‌ಗುಡುತ್ತದೆ. ಆ ಹೊತ್ತಿನಲ್ಲಿ, ಮುಚ್ಚಿದ ಒಳಕೋಣೆಯಿಂದ, ಟಕ್ ಟಕ್. ಒಂದು ತಡೆ. ಟಕ್. ಹುಡುಗನಾಗಿದ್ದಾಗ ಪಕ್ಕದ ಸಿದ್ದಾಪುರದ ಬಂಡೆಯಿಂದ ಜಾರಿ ಅವಳ ಗಂಡ ಬಲಮಂಡಿ ಮುರಿದುಕೊಂಡಿದ್ದ. ಬಲಗಾಲು ತುಳಿಮಣೆ ಒತ್ತುವಾಗ ಯಾವತ್ತೂ ಒಂದು ಗಳಿಗೆ ತಡ. ಆ ತಡೆಗೆ ಕಿವಿಗೊಟ್ಟೇ ಅವಳು ಸಂಸಾರ ಮಾಡಿದ್ದಳು.

ಬಾಗಿಲು ತೆರೆದರೆ ಯಾರೂ ಇಲ್ಲ. ಅದು ನೆಲದಲ್ಲಿ ಗುಂಡಿ ತೋಡಿ ಹೂಡಿದ ಮಗ್ಗ. ನೇಕಾರ ಗುಂಡಿಯೊಳಗಿನ ತುಳಿಮಣೆಗಳ ಮೇಲೆ ಕಾಲು ಇಳಿಬಿಟ್ಟು, ನೆಲದ ಮಟ್ಟಕ್ಕೆ ಕೂತು ನೇಯಬೇಕು. ಅವನು ಅರ್ಧ ನೇಯ್ದು ಬಿಟ್ಟುಹೋದ ಸೀರೆ ಹಾಗೇ ಇತ್ತು. ಮುಗಿಸಲು ಮಗನಿರಲಿಲ್ಲ, ಬೇರೆಯವರ ಕೈಗೆ ಕೊಡಲು ಅವಳಿಗೆ ಮನಸ್ಸಿರಲಿಲ್ಲ. ಗುಂಡಿಯ ಬಾಯಿಗೆ ಜೇಡ ಬಲೆ ಕಟ್ಟಿತ್ತು. ಆ ಬಲೆ ಮಾತ್ರ ಹರಿದಿತ್ತು. ಬೆಳಗ್ಗೆ ನೋಡಿದರೆ ಜೇಡ ಮತ್ತೆ ಕಟ್ಟಿರುತ್ತಿತ್ತು. ಮಧ್ಯಾಹ್ನ ಮತ್ತೆ ಹರಿದಿರುತ್ತಿತ್ತು, ಯಾರೋ ಕಾಲು ಇಳಿಬಿಟ್ಟು ಕೂತ ಹಾಗೆ.

ಯರ್ರಮ್ಮನನ್ನು ಕರೆದು ತೋರಿಸಿದಳು. ಯರ್ರಮ್ಮನಿಗೆ ಏನೂ ಕೇಳಿಸಲಿಲ್ಲ. "ಒಬ್ಳೇ ಇದ್ದು ಇದ್ದು ಹಿಂಗಾಗೈತೆ, ಬಾ ನಮ್ಮನೇಲಿ ಉಣ್ಣು" ಅಂದಳು. ಮುದ್ದಕ್ಕ ಮತ್ತೆ ಯಾರಿಗೂ ಹೇಳಲಿಲ್ಲ. ಬದುಕಿದ್ದಷ್ಟು ಕಾಲ ಗುಂಡಿಯಲ್ಲಿ ಕೂತು ದುಡಿದರು, ಸತ್ತ ಮೇಲೆ ಗುಂಡಿಯಲ್ಲೇ ಕೂರಿಸಿ ಮಣ್ಣು ಮಾಡಿದೆವು, ಅಲ್ಲಾದರೂ ಒರಗಿಕೊಳ್ಳಲು ಬಿಡಲಿಲ್ಲವಲ್ಲ ಆ ಕಂಪನಿಯವರು ಅಂತ ಒಬ್ಬಳೇ ಅಳುತ್ತಿದ್ದಳು. ಅವರು ಎದ್ದು ಹೋಗಬೇಕು. ಅದೊಂದೇ ಅವಳಿಗೆ ಬೇಕಾಗಿದ್ದುದು.

ಮಾರನೆಯ ವರ್ಷ ಕಾರ್ತೀಕದ ಒಂದು ಮಧ್ಯಾಹ್ನ ಬಾಗಿಲಲ್ಲಿ ಒಬ್ಬ ಹುಡುಗ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದ. ಗಡ್ಡ ಬೆಳೆದಿತ್ತು, ಹೆಗಲಿಗೆ ಬಟ್ಟೆಯ ಚೀಲ.

"ಯಾರಪ್ಪಾ? ಬಾ ಒಳಗೆ."

"ಒಳಗೆ ಯಾರೋ ನೇಯ್ತಿದಾರಲ್ಲ ಅವ್ವಾ. ಮುಗೀಲಿ, ಇಲ್ಲೇ ಕಾಯ್ತೀನಿ."

ಮುದ್ದಕ್ಕ ಹೊಸ್ತಿಲಿಗೆ ಬಂದು ನಿಂತಳು. "ನಿನಗೆ ಕೇಳ್ತೈತಾ?"

"ಕೇಳ್ತೈತಲ್ಲ. ಒಂದು ಏಟು ಯಾಕೋ ತಡವಾಗಿ ಬೀಳ್ತೈತೆ."

ಆಮೇಲೆ ಅವನು ತಾನು ಎಣ್ಣೆ ಮಿಲ್ಲಿನವರ ಶಶಿಕಾಂತ ಅಂತ ಹೇಳಿದ. ಒಳಗಿರುವುದು ತನ್ನ ಗಂಡ ಅಂತ ಅವಳೂ ಹೇಳಿದಳು. ಅವನು ಒಂದು ಹೆಜ್ಜೆ ಹಿಂದಕ್ಕೆ ಇಟ್ಟ, ಆದರೆ ಓಡಲಿಲ್ಲ. ಓಡಿದ್ದರೆ ಅವಳು ಬೈಯುತ್ತಿರಲಿಲ್ಲ. ಓಡದಿದ್ದಕ್ಕೇ ಸಿಟ್ಟು ಬಂತು.

"ಸತ್ತೋರನ್ನ ಸತ್ತಿರೋಕೂ ಬಿಡಲಿಲ್ಲವಲ್ಲೋ ನೀನು!"

"ತೀರ್ಕೊಂಡಿದ್ದು ನನಗೆ ಗೊತ್ತಿರಲಿಲ್ಲ ಅವ್ವಾ."

"ಗೊತ್ತು ಮಾಡ್ಕೊಳ್ಳೋಕೆ ಚಳ್ಳಕೆರೆಯಿಂದ ಬಸ್ ಇರಲಿಲ್ಲೇನು?"

ಅವನು ಚೀಲ ಬಿಚ್ಚಿ ಅವಳ ಮುಂದೆ ಸುರಿದ. ಅಂಗೈಯಗಲದ ರೇಷ್ಮೆ ತುಂಡುಗಳು. ಕಂಪನಿ ಮುಳುಗಿದ ಮೇಲೆ, ತಿರುಗಿದ ಗಿಳಿಯ ಅರ್ಥ ಜನರ ಬಾಯಿಂದ ತಿಳಿದು, ಊರೂರು ತಿರುಗಿ, ಸೀರೆ ಕೊಂಡವರ ಕಾಲು ಹಿಡಿದು, ಬೈಸಿಕೊಂಡು, ಕೊಟ್ಟವರಿಂದೆಲ್ಲ ಸೆರಗಿನ ಎಡ ಮೂಲೆ ಕತ್ತರಿಸಿಕೊಂಡು ಬಂದಿದ್ದ. ಗಂಗಾಂಬಿಕಾಳದು ಎಲ್ಲಕ್ಕಿಂತ ಮೇಲೆ ಬಿದ್ದಿತ್ತು. ರಾಶಿಯೊಳಗಿನ ಗಿಳಿಗಳೆಲ್ಲ ಕತ್ತು ತಿರುಗಿಸಿ ಮುದ್ದಕ್ಕನನ್ನೇ ನೋಡಿದವು. ಒಂದಕ್ಕೊಂದು ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಆಕೆ ಸೆರಗಿನಿಂದ ಅವನ್ನು ಮುಚ್ಚಿದಳು.

ಸುದ್ದಿ ತಿಳಿದು ನೇಕಾರರ ಯಜಮಾನ ಮುರುಗೇಂದ್ರಪ್ಪ ಬಂದ. ಬಾಯ್ತುಂಬ ಎಲೆಅಡಿಕೆ ಇದ್ದರೂ ಮಾತಿಗೆ ಬರವಿಲ್ಲದ ಮುದುಕ. "ಲೇ, ನಮ್ಮ ಚಿಕ್ಕೀರಪ್ಪನ್ನ ಸತ್ತ ಮ್ಯಾಲೂ ಡ್ಯೂಟಿಗೆ ಹಾಕ್ಕೊಂಡೋನು ನೀನೇ ಏನೋ?"

"ನಾನೇ ಯಜಮಾನ್ರೇ. ಮತ್ತೆ ಕೆಲಸ ಶುರು ಮಾಡ್ಬೇಕು ಅಂತಿದೀನಿ. ಬರೀ ಕೈಮಗ್ಗ. ಬೀದೀಲಿ ಯಾರೂ ಮಾತೇ ಆಡ್ಸಲ್ಲ ನನ್ನ."

"ಮೊದಲು ಚಿಕ್ಕೀರಪ್ಪನ್ನ ಗುಂಡಿಯಿಂದ ಏಳಿಸು. ಆಮೇಲೆ ನಿನ್ನ ಜೊತೆ ಮಾತಾಡ್ತೀವಿ." ಮುರುಗೇಂದ್ರಪ್ಪ ಉಗುಳಿ ಬಂದು ಕೂತ. "ಈ ತುಂಡೆಲ್ಲ ಅವನ ಸಮಾಧಿ ಪಕ್ಕ ಹೂಳು. ಅವನ ಗಿಳಿ ಕದ್ದೋನು ಅವನ ಗುಂಡೀಲೇ ಕೂರಬೇಕು. ಅರ್ಧ ಬಿಟ್ಟ ಸೀರೆ ಮುಗಿಸಬೇಕು. ಕೊನೇ ಸಾಲಿನಾಗೆ ಎಲ್ಲಾ ಗಿಳೀನೂ ಮುಂದಕ್ಕೇ ನೋಡ್ಬೇಕು, ಒಂದೂ ತಿರುಗಬಾರದು. ಆಗ ಕೆಲಸ ಮುಗೀತು ಅಂತ ಅವನಿಗೆ ತಿಳೀತದೆ."

"ನನಗೆ ನೇಯೋಕೆ ಬರಲ್ಲ. ಕಲಿಯೋಕೆ ಎಷ್ಟು ದಿನ ಹಿಡೀತದೆ?"

"ತಾರೀಕು ಹಾಕೋಕೆ ಇದೇನು ನಿನ್ನ ಕಂಪನಿಯಾ?"

ತುಂಡುಗಳನ್ನು ಹೂತರು. ಮಧ್ಯಾಹ್ನದ ಸದ್ದು ನಿಲ್ಲಲಿಲ್ಲ. ಶಶಿಕಾಂತ ಮಠದ ಜಗಲಿಯಲ್ಲಿ ಮಲಗಿ, ಯರ್ರಮ್ಮನ ಮನೆಯ ಹಳೇ ಮಗ್ಗದಲ್ಲಿ ನೂಲಿನ ಬಟ್ಟೆ ನೇಯ್ದು ಕೈ ಪಳಗಿಸಿಕೊಂಡ. "ಗುಂಡಿ ಒತ್ತಿದ್ರೆ ಸೀರೆ ಬರೋಕೆ ಇದೇನು ಕಂಪ್ಯೂಟರ್ ಏನಪ್ಪಾ, ಎಳೆ ಹಿಡಿ" ಅಂತ ಯರ್ರಮ್ಮ ರೇಗಿಸಿದ್ದಕ್ಕೆ ಲೆಕ್ಕವಿಲ್ಲ. ಮುದ್ದಕ್ಕ ಅವನಿಗೆ ಲಾಳಿಯೊಳಗೆ ಹಾಕುವ ನೂಲಿನ ಕಂಡಿಕೆ ಸುತ್ತಿ ಕೊಡುತ್ತಿದ್ದಳು. ಮಾತಿಲ್ಲ, ಕಥೆಯಿಲ್ಲ. ಮುದ್ದೆ ಇಟ್ಟರೆ ಉಣ್ಣುತ್ತಿದ್ದ.

ಯುಗಾದಿ ಕಳೆದು, ಒಂದು ಸೋಮವಾರ, ಮುದ್ದಕ್ಕ ಒಳಕೋಣೆ ಗುಡಿಸಿ, ದೀಪ ಹಚ್ಚಿ, ಗುಂಡಿಯ ಬಾಯಿಗೆ ವಿಭೂತಿ ಇಟ್ಟಳು. ಜೇಡನ ಬಲೆಯನ್ನು ಶಶಿಕಾಂತನೇ ಕೈಯಲ್ಲಿ ಸರಿಸಿ ಕೆಳಗೆ ಇಳಿದ. ಅವತ್ತಿನಿಂದ ಮಧ್ಯಾಹ್ನದ ಸದ್ದು ನಿಂತಿತು. ಮುದ್ದಕ್ಕ ಅಂದು ಬಹಳ ದಿನಕ್ಕೆ ಹೊಟ್ಟೆತುಂಬ ಉಂಡಳು.

ಆದರೆ ಒಂದು ವಾರ ಕಳೆದಿರಬಹುದು. ಅಡುಗೆಮನೆಯಲ್ಲಿ ಮುದ್ದೆ ತಿರುವುತ್ತಿದ್ದವಳ ಕೈ ನಿಂತಿತು. ಒಳಗೆ ಶಶಿಕಾಂತ ನೇಯುತ್ತಿದ್ದ. ಟಕ್ ಟಕ್. ತಡೆ. ಟಕ್.

ಹೋಗಿ ಬಾಗಿಲಲ್ಲಿ ನಿಂತಳು. "ನಿನ್ನ ಮಂಡಿ ಚೆನ್ನಾಗೈತಲ್ಲ? ಬಲಗಾಲು ಯಾಕೆ ತಡ ಮಾಡ್ತೀಯ?"

ಅವನು ತಿರುಗಿ ನೋಡಲಿಲ್ಲ. "ನಾನು ತಡ ಮಾಡ್ತಿಲ್ಲ ಅವ್ವಾ. ನಾನು ಕಾಲು ಇಡೋಕೆ ಮುಂಚೇನೇ ತುಳಿಮಣೆ ಕೆಳಗೆ ಹೋಗಿರ್ತೈತೆ. ಅದು ಮ್ಯಾಲೆ ಬರಲಿ ಅಂತ ಕಾಯ್ತೀನಿ."

"ಹೆದರಿಕೆ ಆಗಲ್ವಾ?"

"ಮೊದಮೊದಲು ಆಗ್ತಿತ್ತು. ಈಗ ಹೇಳಿಕೊಟ್ಟಂಗೆ ಆಗ್ತೈತೆ."

ಮೇಲೆ ಬಂದಾಗ ಅವನು ಕೊಂಚ ಕುಂಟುತ್ತಿದ್ದ. ಸಂಜೆಗೆ ಸರಿಹೋಯಿತು. ಮಾರನೆಯ ದಿನ ರಾತ್ರಿ ಊಟದವರೆಗೂ ಕುಂಟಿದ. ಆಮೇಲೆ ಮಠದ ಕಡೆ ಹೋಗುವಾಗ, ಕಿಟಕಿಯಿಂದ ನೋಡಿದರೆ, ನಡಿಗೆ ಯಾರದೆಂದು ಮುದ್ದಕ್ಕನಿಗೆ ಹೇಳಬೇಕಾಗಿರಲಿಲ್ಲ. ಇದನ್ನು ಅವಳು ಯರ್ರಮ್ಮನಿಗೂ ಹೇಳಲಿಲ್ಲ. ಹೇಳದಿರಲು ಹೆದರಿಕೆಯೊಂದೇ ಕಾರಣವಲ್ಲ. ಒಲೆ ಮುಂದೆ ಕೂತು ಆ ತಡೆಗೆ ಕಿವಿಗೊಡುವುದು ಅವಳಿಗೆ ಮತ್ತೆ ಅಭ್ಯಾಸವಾಗಿತ್ತು. ಸೀರೆ ಬೇಗ ಮುಗಿಯದಿದ್ದರೂ ಚೆನ್ನ ಅನ್ನಿಸುತ್ತಿತ್ತು ಒಂದೊಂದು ಸಲ. ಹಾಗೆ ಅನ್ನಿಸಿದ ಕೂಡಲೇ ಎದ್ದು ಹೋಗಿ ಕಾಲಿಗೆ ತಣ್ಣೀರು ಹುಯ್ದುಕೊಳ್ಳುತ್ತಿದ್ದಳು. ಅವರು ಎದ್ದು ಹೋಗಬೇಕು. ಈ ಹುಡುಗನ ಕಾಲು ಈ ಹುಡುಗನಿಗೇ ಉಳಿಯಬೇಕು.

ಸೆರಗು ಬಂತು. ಗಿಳಿಗಳನ್ನು ಸಣ್ಣ ಕಂಡಿಕೆಗಳ ಬಣ್ಣದ ನೂಲಿನಲ್ಲಿ ಕೈಯಿಂದಲೇ ಒಂದೊಂದಾಗಿ ಕೂರಿಸಬೇಕು. ಶಶಿಕಾಂತ ಬಲಗಡೆಯಿಂದ ಶುರು ಮಾಡಿ ಎಡಕ್ಕೆ ಬಂದ. ಎಲ್ಲವೂ ಮುಂದಕ್ಕೆ ನೋಡಿದವು. ಎಡ ಅಂಚಿನದನ್ನೂ ಮುಗಿಸಿ, ಮುಖ ಒರೆಸಿಕೊಂಡು, "ಆಯ್ತು ಅವ್ವಾ, ಬರ್ರಿ" ಅಂತ ಕರೆದ.

ಮುದ್ದಕ್ಕ ದೀಪ ತಂದು ನೋಡಿದಳು. ಎಡ ಅಂಚಿನ ಗಿಳಿ ಹಿಂದಕ್ಕೆ ನೋಡುತ್ತಿತ್ತು.

"ನಾನು ಮುಂದಕ್ಕೇ ನೇಯ್ದೆ. ದೇವ್ರಾಣೆ ಅವ್ವಾ, ನನ್ನ ಕಣ್ಣಿಗೆ ಮುಂದಕ್ಕೇ ಕಾಣ್ತಿತ್ತು!"

ಬಿಚ್ಚಿದರು. ರೇಷ್ಮೆ ಬಿಚ್ಚುವುದೆಂದರೆ ನೇಯುವುದಕ್ಕಿಂತ ಕಷ್ಟ. ಮತ್ತೆ ನೇಯ್ದ. ಮತ್ತೆ ತಿರುಗಿತು. ಈ ಸಲ ಕೊಕ್ಕು ಕೊಂಚ ತೆರೆದಿತ್ತು, ಕರೆಯುವ ಹಾಗೆ. ಯರ್ರಮ್ಮ ನೋಡಿದವಳು ಹೊರಗೆ ಹೋಗಿ ಮುರುಗೇಂದ್ರಪ್ಪನನ್ನು ಕರೆತಂದಳು. ಮುದುಕ ಬಹಳ ಹೊತ್ತು ಸೆರಗಿನ ಮೇಲೆ ಬಗ್ಗಿ, "ನಿನ್ನ ಕಣ್ಣು ಅವನ ಕಣ್ಣಾಗೈತೆ ಕಣೋ. ನೀನು ನೋಡಬ್ಯಾಡ. ಅವಳು ನೋಡಲಿ" ಅಂದ.

ಹಾಗಾಗಿ ಮುದ್ದಕ್ಕ ಮಗ್ಗದ ಆಚೆ ಬದಿಗೆ ಕೂತಳು. ಶಶಿಕಾಂತ ಕಣ್ಣು ಮುಚ್ಚಿಕೊಂಡ. ಪ್ರತಿ ಎಳೆಗೂ ಆಕೆ ಅವನ ಬೆರಳು ಹಿಡಿದು ಜಾಗ ತೋರಿಸಿದಳು. ಬೆರಳುಗಳು ಕೊಕ್ಕಿನ ಹತ್ತಿರ ಬಂದಾಗ ಎಡಕ್ಕೆ ಎಳೆದವು, ಅವಳು ಬಲಕ್ಕೆ ಒತ್ತಿದಳು. ಅವನ ಬೆರಳಿನಲ್ಲಿ ಅಷ್ಟು ಬಲವಿರಲಿಲ್ಲ ಅಂತ ಅವಳಿಗೆ ಗೊತ್ತಿತ್ತು. ಆ ಹಟ ಯಾರದು ಅಂತಲೂ ಗೊತ್ತಿತ್ತು. "ಸಾಕು ಬಿಡ್ರಿ, ಹುಡುಗ ಸುಸ್ತಾಗ್ಯಾನೆ" ಅಂತ ಮೆಲ್ಲಗೆ ಗದರಿದಳು. ಬೆರಳು ಸಡಿಲವಾಯಿತು. ಗಿಳಿ ಮುಂದಕ್ಕೆ ನೋಡಿತು.

ಈಗ ಮೊಳಕಾಲ್ಮೂರಿನ ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ಶಶಿಕಾಂತನದೊಂದು ಚಿಕ್ಕ ಅಂಗಡಿಯಿದೆ. ಫೋಟೋ ಹಾಕುವುದಿಲ್ಲ. ಸೀರೆ ಬೇಕಾದವರನ್ನು ನೇಕಾರರ ಮನೆಗೇ ಕರೆದುಕೊಂಡು ಹೋಗುತ್ತಾನೆ, ನೇಯ್ದವರ ಎದುರಿಗೇ ಕೂರಿಸುತ್ತಾನೆ. ತಡವಾಗುತ್ತೆ ಅಂದರೆ ತಡವಾಗುತ್ತೆ ಅನ್ನುತ್ತಾನೆ. ಬೀದಿಯವರು ಅವನನ್ನು ನಂಬಿದ್ದಾರೆ. ಚಳ್ಳಕೆರೆಯ ಗಂಗಾಂಬಿಕಾ ಎರಡನೇ ಮಗಳ ಮದುವೆಗೆ ಅವನ ಹತ್ತಿರವೇ ಬಂದಿದ್ದಳು. ಹಬ್ಬಕ್ಕೊಮ್ಮೆ ಮುದ್ದಕ್ಕನ ಮನೆಗೆ ಅಕ್ಕಿ ಬೆಲ್ಲ ತಂದು ಇಳಿಸುತ್ತಾನೆ, ಬಾಯಾರಿದರೆ ತಾನೇ ಹೋಗಿ ನೀರು ಕುಡಿಯುತ್ತಾನೆ. ಅವನ ನಡಿಗೆಯಲ್ಲಿ ಕುಂಟಿಲ್ಲ, ಒಳಕೋಣೆಯಲ್ಲಿ ಮಧ್ಯಾಹ್ನದ ಸದ್ದಿಲ್ಲ. ಅವಳನ್ನು ಏನೂ ಕೇಳುವುದಿಲ್ಲ. ಕೇಳಬಾರದಷ್ಟು ದೊಡ್ಡದನ್ನು ಒಂದು ಸಲ ಕೇಳಿಬಿಟ್ಟಿದ್ದಾನೆ.

ಅದು ಗಿಳಿ ಮುಂದಕ್ಕೆ ನೋಡಿದ ಆ ಮಧ್ಯಾಹ್ನವೇ. ಮುರುಗೇಂದ್ರಪ್ಪ ಸೀರೆಯನ್ನು ಮಗ್ಗದಿಂದ ಕತ್ತರಿಸಿ ತೆಗೆದು, ಮಡಚಿ ಮುದ್ದಕ್ಕನ ಮಡಿಲಿಗೆ ಹಾಕಿದ. "ಏಳಪ್ಪಾ, ನೀನು ನಮ್ಮೋನಾದೆ" ಅಂದ. ಬೀದಿಯ ಮಗ್ಗಗಳೆಲ್ಲ ಊಟಕ್ಕೆ ನಿಂತಿದ್ದವು.

ಶಶಿಕಾಂತ ಗುಂಡಿಯ ಅಂಚಿಗೆ ಎರಡೂ ಕೈ ಊರಿ ಮೇಲೇಳಲು ನೋಡಿದ. ಏಳಲಾಗಲಿಲ್ಲ.

"ಜೋಮು ಹಿಡಿದೈತೆ" ಅಂತ ನಕ್ಕ. ಮತ್ತೆ ಪ್ರಯತ್ನಿಸಿದ. ನಗು ನಿಂತಿತು. ಮುರುಗೇಂದ್ರಪ್ಪ, ಯರ್ರಮ್ಮ ಆಚೀಚೆಯಿಂದ ತೋಳು ಹಿಡಿದು ಎಳೆದರು. ಇಬ್ಬರು ಗಂಡಸರನ್ನು ಎತ್ತಿದಷ್ಟು ಭಾರ.

"ಎಳೀಬ್ಯಾಡ್ರಿ" ಅಂದ ಶಶಿಕಾಂತ. ಹಣೆಯ ಬೆವರು ಮೂಗಿಗೆ ಇಳಿಯುತ್ತಿತ್ತು. "ಬಲಗಾಲು. ಯಾರೋ ಪಕ್ಕದಾಗೆ ಕೂತು ಕಾಲಿನ ಮ್ಯಾಲೆ ಕಾಲು ಇಟ್ಕೊಂಡಂಗೈತೆ. ಒತ್ತುತಾ ಇಲ್ಲ. ಸುಮ್ಮನೆ ಇಟ್ಕೊಂಡಿದಾರೆ."

ಮುದ್ದಕ್ಕ ಸೀರೆಯನ್ನು ಮಡಿಲಲ್ಲೇ ಅವುಚಿಕೊಂಡು ಗುಂಡಿಯ ಅಂಚಿಗೆ ಸರಿದಳು. ಒಳಗೆ ಅವನ ಎರಡು ಕಾಲು, ಮಿಕ್ಕಿದ್ದು ಕತ್ತಲೆ. ತಣ್ಣಗಿನ ಗಾಳಿ ಮುಖಕ್ಕೆ ಬಡಿಯಿತು.

"ಏನ್ರೀ" ಅಂದಳು. "ಮುಗೀತಲ್ಲ ಕೆಲಸ. ಏಳ್ರಿ."

ಏನೂ ಅಲುಗಲಿಲ್ಲ.

"ಅದು ಊಟಕ್ಕೆ ಕರೆದಂಗೈತೆ ಅವ್ವಾ" ಅಂದ ಶಶಿಕಾಂತ, ಬಹಳ ಮೆಲ್ಲಗೆ, ಪಕ್ಕದಲ್ಲಿ ಮಲಗಿದವರಿಗೆ ಎಚ್ಚರವಾಗಬಾರದು ಅನ್ನುವ ಹಾಗೆ. "ಉಂಡು ಮತ್ತೆ ಇಲ್ಲಿಗೇ ಬಂದು ಕೂರ್ತಾರೆ."

"ಮತ್ತೆ ಹೆಂಗೆ ಕರೀಲೋ?"

ಅವನು ತಲೆಯೆತ್ತಿ ಅವಳನ್ನು ನೋಡಿದ. ಗಂಡನ ಹೆಸರನ್ನು ಬಾಯಲ್ಲಿ ಆಡಿದವಳಲ್ಲ ಅವಳು. ಮದುವೆಯ ದಿನವೂ, ಮಣ್ಣು ಮಾಡಿದ ದಿನವೂ ಆಡಿರಲಿಲ್ಲ. ಅದು ಅವನಿಗೂ ಗೊತ್ತಿತ್ತು. ಗೊತ್ತಿದ್ದೇ ಕೇಳಿದ.

"ನಾನು ಅವರ ಹೆಸರನ್ನ ಕಂಡಕಂಡೋರಿಗೆಲ್ಲ ಮಾರಿದೆ. ನಾನು ಕರೆದ್ರೆ ಬರಲ್ಲ ಅವರು. ನೀವು ಕರೀರಿ ಅವ್ವಾ. ಹೆಸರು ಹಿಡಿದು ಕರೀರಿ."